ನಿಮಗಿದು ಗೊತ್ತೆ? ನಡುದಾರಿಯ ಸೀಟು
ಅಮೆರಿಕದ ಹೆಸರಾಂತ ಕಾಲೇಜಿನಲ್ಲಿ ಮೊದಲ ವರ್ಷ ಸೀಟು ತಪ್ಪಿದರೂ ಬೇರೆಡೆ ಓದಿ ಆಮೇಲೆ ವರ್ಗಾವಣೆ ಪಡೆಯುವುದು ಸುಲಭ ಎಂಬ ನಂಬಿಕೆ ಅರ್ಧ ಸತ್ಯ. 1990ರಿಂದ ವರ್ಗಾವಣೆಯನ್ನೇ ನಿಲ್ಲಿಸಿದ್ದ ಪ್ರಿನ್ಸ್‌ಟನ್ 2018ರಲ್ಲಿ ಮತ್ತೆ ಬಾಗಿಲು ತೆರೆದಾಗ 1,429 ಅರ್ಜಿದಾರರಲ್ಲಿ ಆಯ್ಕೆಯಾದವರು 13. ನೂರಕ್ಕೆ ಒಬ್ಬರೂ ಅಲ್ಲ! ಹೊಸಬರಿಗಾದರೂ ಆ ವರ್ಷ ನೂರಕ್ಕೆ ಐದೂವರೆ ಸಿಕ್ಕಿತ್ತು. ಸೇರಿದವರು ನಡುವೆ ಬಿಟ್ಟುಹೋಗುವುದು ಅಲ್ಲಿ ಅಪರೂಪ. ಬಿಡದೆ ಜಾಗ ತೆರವಾಗದು. ಹಾಗಾದರೆ ಹೊಸಬರಲ್ಲಿ ನೂರಕ್ಕೆ ಸುಮಾರು ಒಂಬತ್ತು ಮಂದಿಯನ್ನಷ್ಟೇ ಆರಿಸುವ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ವರ್ಗಾವಣೆ ಕೋರಿದವರಲ್ಲಿ ಕಾಲುಭಾಗದಷ್ಟು ಮಂದಿಗೆ ಪ್ರವೇಶ ಕೊಡುವುದೇಕೆ? ಅದು ಔದಾರ್ಯವಲ್ಲ, 1960ರ ರಾಜ್ಯ ಯೋಜನೆಯ ಫಲ. ಸಮುದಾಯ ಕಾಲೇಜಿನಲ್ಲಿ ಎರಡು ವರ್ಷ ಓದಿ ಬರುವವರ ಲೆಕ್ಕ ಹಿಡಿದೇ ಅಲ್ಲಿ ಜಾಗ ಉಳಿಸುತ್ತಾರೆ. ಬೆಂಗಳೂರಿನಿಂದ ಅರ್ಜಿ ಹಾಕುವವರು ಆ ಕಾಲುಭಾಗವನ್ನು ನೆಚ್ಚಬೇಡಿ. ಅದರಲ್ಲಿ ಬಹುಪಾಲು ಕ್ಯಾಲಿಫೋರ್ನಿಯಾದವರದೇ.