ಇಟಲಿಯ ಒಂದು ಪಕ್ಷ ಮತ್ತು ಅದರ ಹೆಸರು

ರಾಜಕೀಯ ಪಕ್ಷವೊಂದರ ಚರಿತ್ರೆಯನ್ನು ವ್ಯಾಕರಣದಿಂದ ಆರಂಭಿಸಿದರೆ, ಇದು ಪಂಡಿತರ ಹಳೆಯ ಚಾಳಿ ಎಂದು ನೀವು ನಗಬಹುದು. ಆದರೆ ಇಟಲಿ ದೇಶದ ಕಮ್ಯೂನಿಸ್ಟರ ಕಥೆಗೆ ಅದೇ ಸರಿಯಾದ ಬಾಗಿಲು. 1921ರ ಜನವರಿ 21ರಂದು ಲಿವೋರ್ನೊ ಎಂಬ ರೇವುಪಟ್ಟಣದಲ್ಲಿ ಸಮಾಜವಾದಿ ಪಕ್ಷದ ಅಧಿವೇಶನದಿಂದ ಸಿಡಿದು ಹೊರಬಂದವರು ಬೇರೊಂದು ನಾಟಕಶಾಲೆಯಲ್ಲಿ ಕೂಡಿ ಹೊಸ ಪಕ್ಷವನ್ನು ಕಟ್ಟಿದರು. ಅದಕ್ಕಿಟ್ಟ ಹೆಸರು ‘ಇಟಲಿಯ ಕಮ್ಯೂನಿಸ್ಟ್ ಪಕ್ಷ’. ಇಲ್ಲಿಯ ಷಷ್ಠೀ ವಿಭಕ್ತಿಯನ್ನು ಗಮನಿಸಿರಿ. ಲೋಕಕ್ಕೆಲ್ಲ ಒಂದೇ ಕಮ್ಯೂನಿಸ್ಟ್ ಸಂಸ್ಥೆ, ಅದರ ಕೇಂದ್ರ ಮಾಸ್ಕೋ, ಇಟಲಿಯದು ಅದರ ಒಂದು ಶಾಖೆ ಎಂಬುದು ಅದರ ಭಾವ. 1943ರಲ್ಲಿ ಆ ಲೋಕಸಂಸ್ಥೆಯು ವಿಸರ್ಜನೆಗೊಂಡಾಗ ಹೆಸರು ‘ಇಟಾಲಿಯನ್ ಕಮ್ಯೂನಿಸ್ಟ್ ಪಕ್ಷ’ ಎಂದಾಯಿತು. ವಿಭಕ್ತಿ ಹೋಗಿ ವಿಶೇಷಣ ಬಂದಿತು. ಕಾಗದದ ಮೇಲೆ ಇದು ಕ್ಷಣದ ಕೆಲಸ. ನಡೆನುಡಿಯಲ್ಲಿ ತರಲು ಪಕ್ಷದ ಉಳಿದ ಆಯುಸ್ಸೆಲ್ಲ ಬೇಕಾಯಿತು.

ಹುಟ್ಟಿದ ಐದೇ ವರ್ಷಗಳಲ್ಲಿ ಮುಸೊಲಿನಿಯ ಸರ್ಕಾರವು ಪಕ್ಷವನ್ನು ನಿಷೇಧಿಸಿತು. ಸಾರ್ಡೀನಿಯ ದ್ವೀಪದ ಬಡ ಮನೆತನದಿಂದ ಬಂದ ಅಂತೋನಿಯೊ ಗ್ರಾಮ್ಶಿ ಆಗ ಅದರ ನಾಯಕ. 1926ರ ನವೆಂಬರಿನಲ್ಲಿ ಆತನನ್ನು ಸೆರೆಹಿಡಿದು, 1928ರಲ್ಲಿ ಇಪ್ಪತ್ತು ವರ್ಷ, ನಾಲ್ಕು ತಿಂಗಳು, ಐದು ದಿನಗಳ ಶಿಕ್ಷೆ ವಿಧಿಸಿದರು. ರೋಗಪೀಡಿತನಾದ ಈ ಕೃಶಕಾಯನು 1929ರಿಂದ ಶಾಲಾ ಬಾಲಕರ ನೋಟ್‌ಪುಸ್ತಕಗಳಂಥವುಗಳಲ್ಲಿ ಬರೆಯತೊಡಗಿದನು. ಹೀಗೆ ತುಂಬಿದವು 33. ಸೆರೆಮನೆಯವರ ಕಣ್ಣಿಗೆ ಬೀಳಬಾರದೆಂದು ಮಾರ್ಕ್ಸ್‌ವಾದವನ್ನು ‘ಆಚರಣೆಯ ತತ್ತ್ವಶಾಸ್ತ್ರ’ ಎಂದು ಮರೆಮಾಡಿ ಬರೆದನು. ರಷ್ಯದಲ್ಲಿ ನಡೆದ ಕ್ರಾಂತಿ ಪಶ್ಚಿಮ ಯೂರೋಪಿನಲ್ಲಿ ಏಕೆ ನಡೆಯಲಿಲ್ಲ? ಇದು ಆತನನ್ನು ಕಾಡಿದ ಪ್ರಶ್ನೆ. ಅಲ್ಲಿ ಅರಮನೆಯೊಂದನ್ನು ಹಿಡಿದರೆ ಸಾಲದು. ಶಾಲೆ, ಇಗರ್ಜಿ, ಪತ್ರಿಕೆ, ಗಾದೆಮಾತು ಇವುಗಳಲ್ಲೆಲ್ಲ ಆಳುವವರ ಮಾತೇ ಜನರ ಸಹಜಬುದ್ಧಿಯಾಗಿ ಬೇರೂರಿದೆ ಎಂದು ಆತನು ಕಂಡುಕೊಂಡನು. ನಮ್ಮ ವಿಮರ್ಶಕರು ಬಳಸುವ ‘ಯಾಜಮಾನ್ಯ’ವೆಂಬ ಪದದ ಹಿಂದೆ ಇರುವುದು ಈ ವಿಚಾರವೇ. 1937ರ ಏಪ್ರಿಲ್ 27ರಂದು ಆತನು ತೀರಿಕೊಂಡನು. ಪುಸ್ತಕಗಳನ್ನು ಕಾಪಾಡಿದವಳು ಆತನ ಹೆಂಡತಿಯ ಅಕ್ಕ ತಾತಿಯಾನಾ.

ಆತನ ಜೊತೆಗಾರ ಪಾಲ್ಮೀರೊ ತೊಲ್ಯಾತ್ತಿ ದೇಶಭ್ರಷ್ಟನಾಗಿ ಮಾಸ್ಕೋ ಸೇರಿದ್ದನು. ರೇಡಿಯೋ ಪ್ರಿಯರಾದ ನಿಮಗೆ ಒಂದು ಸಂಗತಿ ರುಚಿಸಬಹುದು: ಯುದ್ಧಕಾಲದಲ್ಲಿ ಆತನು ಮಾರಿಯೊ ಕೊರೆಂತಿ ಎಂಬ ಕಳ್ಳಹೆಸರಿನಿಂದ ಮಾಸ್ಕೋ ಬಾನುಲಿಯಲ್ಲಿ ಇಟಲಿಯವರಿಗಾಗಿ ಭಾಷಣ ಮಾಡುತ್ತಿದ್ದನು. 1944ರ ಮಾರ್ಚಿಯಲ್ಲಿ ನೇಪಲ್ಸಿಗೆ ಬಂದಿಳಿದವನೇ, ದೊರೆಯನ್ನು ಕಿತ್ತೊಗೆಯುವ ಮಾತು ಆಮೇಲಾಗಲಿ, ಮೊದಲು ಜರ್ಮನರನ್ನು ಅಟ್ಟೋಣವೆಂದು ದೊರೆಯ ಮಂತ್ರಿಮಂಡಲವನ್ನೇ ಸೇರಿಬಿಟ್ಟನು. ಇದರಲ್ಲಿ ಸ್ಟಾಲಿನ್ನನ ಸಮ್ಮತಿಯೂ ಇತ್ತೆಂಬುದನ್ನು ಮರೆಯಬಾರದು. ಆದರೂ ಅದರಿಂದ ಪಕ್ಷಕ್ಕೆ ಸ್ವದೇಶದಲ್ಲಿ ನೆಲೆ ಸಿಕ್ಕಿತು. ಯುದ್ಧ ಮುಗಿದ ಬಳಿಕ ಸದಸ್ಯರ ಸಂಖ್ಯೆ ಇಪ್ಪತ್ತು ಲಕ್ಷವನ್ನು ಮೀರಿತು. ಗಣರಾಜ್ಯದ ಸಂವಿಧಾನಕ್ಕೆ 1947ರ ಡಿಸೆಂಬರಿನಲ್ಲಿ ರಚನಾಸಭೆಯ ಅಧ್ಯಕ್ಷನಾಗಿ ಸಹಿ ಹಾಕಿದವನು ಉಂಬೆರ್ತೊ ತೆರ್ರಚೀನಿ. ಫ್ಯಾಸಿಸ್ಟರ ಸೆರೆಯಲ್ಲಿ ಹದಿನೇಳು ವರ್ಷ ಕಳೆದವನು, 1939ರ ಸೋವಿಯತ್–ಜರ್ಮನ್ ಒಪ್ಪಂದವನ್ನು ಟೀಕಿಸಿ ಸ್ವಪಕ್ಷದಿಂದಲೇ ಕೆಲಕಾಲ ಬಹಿಷ್ಕೃತನಾಗಿದ್ದವನು.

ನಿಜವಾದ ಅಗ್ನಿಪರೀಕ್ಷೆ 1948ರದು. ಏಪ್ರಿಲ್ ಚುನಾವಣೆಯಲ್ಲಿ ಪಕ್ಷ ಸೋತಿತ್ತು. ಜುಲೈ 14ರಂದು ಪಾರ್ಲಿಮೆಂಟಿನ ಹೊರಗೆ ಒಬ್ಬ ವಿದ್ಯಾರ್ಥಿ ತೊಲ್ಯಾತ್ತಿಯ ಮೇಲೆ ಗುಂಡು ಹಾರಿಸಿದನು. ಸುದ್ದಿ ಹಬ್ಬುತ್ತಲೇ ಕಾರ್ಖಾನೆಗಳು ನಿಂತವು; ಯುದ್ಧದಲ್ಲಿ ಬಚ್ಚಿಟ್ಟ ಬಂದೂಕುಗಳು ಅಲ್ಲಲ್ಲಿ ಹೊರಬಂದವು; ಹಲವರು ಸತ್ತರು. ಅದೇ ವೇಳೆ ಫ್ರಾನ್ಸಿನ ಸೈಕಲ್ ಪಂದ್ಯದಲ್ಲಿ ಇಟಲಿಯ ಬಾರ್ತಾಲಿ ಗೆದ್ದದ್ದರಿಂದ ಜನ ಶಾಂತರಾದರೆಂಬ ಕಥೆಯುಂಟು. ಕಥೆ ಸೊಗಸಾಗಿದೆ, ನಂಬುವುದು ಕಷ್ಟ. ಗಾಯಗೊಂಡ ನಾಯಕನೇ ತಾಳ್ಮೆ ಕೆಡಬೇಡಿರೆಂದಿದ್ದನು. ಪಕ್ಷವೂ ಕಾರ್ಮಿಕ ಸಂಘವೂ ಎರಡು ದಿನಗಳಲ್ಲಿ ಮುಷ್ಕರವನ್ನು ಹಿಂತೆಗೆದವು. ಕ್ರಾಂತಿಗೆಂದು ಹುಟ್ಟಿದ ಪಕ್ಷ ಅಂದು ಮತಪೆಟ್ಟಿಗೆಯ ಹಾದಿಯನ್ನು ಬಿಡಲಿಲ್ಲ.

ಆದರೆ ವಿಭಕ್ತಿಯ ಹಗ್ಗ ಹರಿದಿರಲಿಲ್ಲ. 1956ರಲ್ಲಿ ಸೋವಿಯತ್ ಟ್ಯಾಂಕುಗಳು ಹಂಗೇರಿಗೆ ನುಗ್ಗಿದಾಗ ಪಕ್ಷ ಅದನ್ನು ಸಮರ್ಥಿಸಿತು. ಕಥೆಗಾರ ಇತಾಲೊ ಕಾಲ್ವಿನೊ ಮೊದಲಾದವರು ಹೊರನಡೆದರು. 1968ರಲ್ಲಿ ಪ್ರಾಗ್ ನಗರಕ್ಕೆ ಸೇನೆ ನುಗ್ಗಿದಾಗಲಾದರೋ ಬಹಿರಂಗವಾಗಿ ಖಂಡಿಸಿತು. 1972ರಲ್ಲಿ ಕಾರ್ಯದರ್ಶಿಯಾದ ಎನ್ರೀಕೊ ಬೆರ್ಲಿಂಗ್ವೇರ್ ಮತ್ತೂ ಮುಂದೆ ಹೋಗಿ, ಚಿಲಿ ದೇಶದಲ್ಲಿ ಅಯೆಂದೆಯ ಪತನವನ್ನು ಕಂಡು, ಕ್ರೈಸ್ತ ಪ್ರಜಾಪ್ರಭುತ್ವವಾದಿಗಳೊಡನೆ ‘ಚಾರಿತ್ರಿಕ ಒಪ್ಪಂದ’ವಾಗಬೇಕೆಂದನು. 1976ರಲ್ಲಿ ನೂರಕ್ಕೆ 34.4ರಷ್ಟು ಮತ ಬಂದವು. ಬೊಲೋನ್ಯದಂಥ ನಗರಗಳನ್ನು ದಶಕಗಳ ಕಾಲ ಆಳಿದ ಈ ಪಕ್ಷಕ್ಕೆ, 1947ರ ಬಳಿಕ ರೋಮಿನ ಮಂತ್ರಿಪದವಿ ಮಾತ್ರ ದಕ್ಕಲೇ ಇಲ್ಲ. ಒಪ್ಪಂದಕ್ಕೆ ಎದುರುಬದಿಯಿಂದ ದಾರಿ ತೆರೆದ ಆಲ್ದೊ ಮೊರೊನನ್ನು 1978ರಲ್ಲಿ ‘ಕೆಂಪು ದಳ’ದವರು ಅಪಹರಿಸಿ ಕೊಂದರು.

1989ರ ನವೆಂಬರ್ 12ರಂದು, ಬರ್ಲಿನ್ ಗೋಡೆ ತೆರೆದ ಮೂರನೆಯ ದಿನ, ಕಾರ್ಯದರ್ಶಿ ಅಕೀಲೆ ಒಕ್ಕೆತ್ತೊ ಬೊಲೋನ್ಯದಲ್ಲಿ ಹಳೆಯ ಗೆರಿಲ್ಲಾ ಯೋಧರ ಮುಂದೆ ಹೆಸರು ಬದಲಾವಣೆಯ ಸೂಚನೆ ಕೊಟ್ಟನು. ಒಂದು ವರ್ಷಕ್ಕೂ ಮೀರಿ ವಾದ ನಡೆಯಿತು. ‘ಇಟಾಲಿಯನ್’ ಎಂಬ ವಿಶೇಷಣಕ್ಕೆ ಆಕ್ಷೇಪವಿರಲಿಲ್ಲ. ಜಗಳವೆಲ್ಲ ‘ಕಮ್ಯೂನಿಸ್ಟ್’ ಎಂಬುದರ ಮೇಲೆ. 1991ರ ಫೆಬ್ರವರಿಯಲ್ಲಿ ರಿಮಿನಿ ಅಧಿವೇಶನದಲ್ಲಿ ಪಕ್ಷ ಮುಗಿದು, ‘ಎಡಪಂಥದ ಪ್ರಜಾಪ್ರಭುತ್ವ ಪಕ್ಷ’ ಹುಟ್ಟಿತು. ಒಪ್ಪದವರು ಹಳೆಯ ಪದವನ್ನು ಹೊತ್ತುಕೊಂಡು ಬೇರೆಯಾದರು. ಹೊಸ ಪಕ್ಷದ ಲಾಂಛನ ಒಂದು ಓಕ್ ಮರ. ಅದರ ಬುಡದಲ್ಲಿ ಸುತ್ತಿಗೆ ಕುಡುಗೋಲಿನ ಹಳೆಯ ಚಿಹ್ನೆಯನ್ನು ಚಿಕ್ಕದಾಗಿ ಉಳಿಸಿಕೊಂಡಿದ್ದರು. 1998ರಲ್ಲಿ ಅದನ್ನೂ ತೆಗೆದು ಗುಲಾಬಿಯನ್ನಿಟ್ಟರು.