ಚೈನ್‌ಸಾ ಕಾರ್ಬೊರೇಟರ್: ಮೂರು ಸ್ಕ್ರೂಗಳ ಲೆಕ್ಕ

ಮಲೆನಾಡು, ಕೊಡಗು, ಕರಾವಳಿಯ ತೋಟಗಳಲ್ಲಿ ಚೈನ್‌ಸಾ ಈಗ ಕತ್ತಿ, ಕೊಡಲಿಯಷ್ಟೇ ಪರಿಚಿತ. ಯಂತ್ರ ಸರಿಯಾಗಿ ಓಡದಿದ್ದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಕಾರ್ಬೊರೇಟರಿನ ಸ್ಕ್ರೂಗಳಿಗೆ. ಅವನ್ನು ತಪ್ಪು ದಿಕ್ಕಿಗೆ ತಿರುಗಿಸಿದರೆ ಎಂಜಿನ್ನೇ ಸೀಜ್ ಆಗಬಹುದು. ಹೇಗೆಂದು ತಿಳಿಯಲು ಪ್ರಥಮ ಪಿಯುಸಿಯ ಭೌತಶಾಸ್ತ್ರ ಸಾಕು.

ಕಾರ್ಬೊರೇಟರಿನೊಳಗೆ ಗಾಳಿ ಹೋಗುವ ದಾರಿ ಒಂದು ಕಡೆ ಕಿರಿದಾಗುತ್ತದೆ. ಇದೇ ವೆಂಚುರಿ. ಬರ್ನೌಲಿ ತತ್ವದಂತೆ ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಆಗ ಪೆಟ್ರೋಲ್ ಸಣ್ಣ ರಂಧ್ರದಿಂದ ಚಿಮ್ಮಿ ಗಾಳಿಯೊಂದಿಗೆ ಬೆರೆಯುತ್ತದೆ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು.

ಚೈನ್‌ಸಾದ ಟೂ-ಸ್ಟ್ರೋಕ್ ಎಂಜಿನ್ನಿಗೆ ಬೇರೆ ಆಯಿಲ್ ಇಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲೇ ಪಿಸ್ಟನ್ನಿಗೂ ಬೇರಿಂಗಿಗೂ ಆಧಾರ. 50:1 ಪ್ರಮಾಣವೆಂದರೆ 1 ಲೀಟರಿಗೆ 20 ಮಿ.ಲೀ. ಹೀಗಾಗಿ ಪೆಟ್ರೋಲ್ ಕಡಿಮೆ ಮಾಡಿದರೆ ಆಯಿಲೂ ಕಡಿಮೆಯಾಗುತ್ತದೆ, ಬಿಸಿಯೂ ಏರುತ್ತದೆ. ಇದನ್ನೇ 'ಲೀನ್' ಎನ್ನುವುದು. ಲೀನ್ ಆದ ಎಂಜಿನ್ ಚುರುಕಾಗಿ, ಕೀರಲು ದನಿಯಲ್ಲಿ ಓಡುವುದರಿಂದ ಶಕ್ತಿ ಹೆಚ್ಚಿತೆಂದು ಅನ್ನಿಸುತ್ತದೆ. ಮೋಸ ಹೋಗುವುದು ಇಲ್ಲೇ.

ಸ್ಕ್ರೂಗಳು ಮೂರು. 'ಎಲ್' ನಿಧಾನ ಓಟದ ಪೆಟ್ರೋಲಿಗೆ, 'ಎಚ್' ಪೂರ್ಣ ವೇಗದ ಪೆಟ್ರೋಲಿಗೆ. ಇವೆರಡನ್ನೂ ಬಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ಎಡಕ್ಕೆ ತಿರುಗಿಸಿದರೆ ಹೆಚ್ಚು. 'ಎಲ್‌ಎ' ಅಥವಾ 'ಟಿ' ಎಂದು ಬರೆದಿರುವುದು ಐಡ್ಲಿಂಗ್ ವೇಗಕ್ಕೆ.

ಮೊದಲು ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಸ್ವಚ್ಛಗೊಳಿಸಿ, ಹೊಸದಾಗಿ ಬೆರೆಸಿದ ಪೆಟ್ರೋಲ್ ಹಾಕಿ. ಎಷ್ಟೋ ಬಾರಿ ದೋಷ ಇಷ್ಟರಲ್ಲೇ ಸರಿಹೋಗುತ್ತದೆ. ಸರಿಹೋಗದಿದ್ದರೆ ಬಾರ್, ಚೈನ್ ಹಾಕಿಕೊಂಡೇ, ಚೈನ್ ಯಾವುದಕ್ಕೂ ತಾಗದಂತೆ ಇಟ್ಟು, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ.

1. ಎಲ್: ಐಡ್ಲಿಂಗ್ ಅತಿ ವೇಗವಾಗುವ ಜಾಗ ಹುಡುಕಿ, ಅಲ್ಲಿಂದ ಸ್ವಲ್ಪ ಎಡಕ್ಕೆ ತಿರುಗಿಸಿ. ಥ್ರಾಟಲ್ ಒತ್ತಿದಾಗ ಎಂಜಿನ್ ತಡವರಿಸದೆ ಏರಬೇಕು.

2. ಎಲ್‌ಎ: ಎಂಜಿನ್ ನಿಲ್ಲದೆ ಓಡಬೇಕು, ಆದರೆ ಚೈನ್ ಅಲುಗಬಾರದು. ಅಲುಗಿದರೆ ಆ ಯಂತ್ರವನ್ನು ಬಳಸಲೇಬಾರದು.

3. ಎಚ್: ಟ್ಯಾಕೋಮೀಟರ್ ಇಟ್ಟು, ಕೈಪಿಡಿಯಲ್ಲಿ ಹೇಳಿದ ಗರಿಷ್ಠ ವೇಗ ಮೀರದಂತೆ ಹೊಂದಿಸಬೇಕು. ಮರಕ್ಕೆ ತಾಗಿಸದೆ ಕೆಲವೇ ಕ್ಷಣ ಪೂರ್ಣ ಥ್ರಾಟಲ್ ಕೊಟ್ಟಾಗ ಸದ್ದು ಸ್ವಲ್ಪ ಒಡೆದಂತಿರಬೇಕು. ಮರ ಕೊಯ್ಯುವಾಗ ಆ ಸದ್ದು ನೇರವಾಗಬೇಕು. ಕೀರಲು ದನಿ ಬಂದರೆ ತಕ್ಷಣ ಥ್ರಾಟಲ್ ಬಿಟ್ಟು ಎಡಕ್ಕೆ ತಿರುಗಿಸಿ.

ಕೊನೆಗೆ ಐಡ್ಲಿಂಗನ್ನು ಮತ್ತೊಮ್ಮೆ ನೋಡಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತಲೂ ಕಡಿಮೆ ತಿರುಗಿಸಿದರೆ ಸಾಕು. ಕೆಲವು ಹೊಸ ಮಾದರಿಗಳಲ್ಲಿ ಈ ಕೆಲಸವನ್ನು ಎಲೆಕ್ಟ್ರಾನಿಕ್ ವ್ಯವಸ್ಥೆಯೇ ಮಾಡುತ್ತದೆ.

ಈಗ ಇನ್ನೊಂದು ಎಚ್ಚರಿಕೆಯೂ ಬೇಕು. ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಶೇ. 20ರವರೆಗೆ ಎಥನಾಲ್ ಬೆರೆಸಲಾಗುತ್ತಿದೆ. ಎಥನಾಲ್ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಅದು ಉರಿಯಲು ಕಡಿಮೆ ಗಾಳಿ ಸಾಕು. ಸ್ಕ್ರೂ ಮುಟ್ಟದಿದ್ದರೂ ಮಿಶ್ರಣ ಲೀನ್ ಕಡೆಗೆ ಸರಿಯುತ್ತದೆ. ನಿಮ್ಮ ಯಂತ್ರಕ್ಕೆ ಎಷ್ಟು ಎಥನಾಲ್ ಒಗ್ಗುತ್ತದೆ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಪೆಟ್ರೋಲ್ ತುಸು ಹೆಚ್ಚಾದರೆ ಹೊಗೆ ಬರುತ್ತದೆ, ಪ್ಲಗ್ ಕಪ್ಪಾಗುತ್ತದೆ, ಒರೆಸಿದರೆ ಆಯಿತು. ಕಡಿಮೆಯಾದರೆ ಪಿಸ್ಟನ್, ಸಿಲಿಂಡರ್ ಎರಡನ್ನೂ ಬದಲಿಸಬೇಕು. ಅನುಮಾನ ಬಂದಾಗ ಸ್ಕ್ರೂ ಎಡಕ್ಕಿರಲಿ.