ಗಿಡ್ಡ ಕಾಲಿನ ಲೆಕ್ಕ

ಜಪಾನೀಸ್ ಬೆಂಟಮ್ ಕೋಳಿ ನಡೆಯುವಾಗ ರೆಕ್ಕೆಯ ತುದಿ ನೆಲ ಸವರುತ್ತದೆ, ಬಾಲ ಮಾತ್ರ ತಲೆಯನ್ನೂ ಮೀರಿ ನೆಟ್ಟಗೆ ನಿಂತಿರುತ್ತದೆ. ತೂಕ ಅರ್ಧ ಕಿಲೋದ ಆಸುಪಾಸು. ಈ ಗಿಡ್ಡ ಕಾಲಿಗೇ ಬೆಲೆ. ಹಾಗಾಗಿ ಕೊಳ್ಳುವವರು ಗಿಡ್ಡ ಕಾಲಿನ ಹುಂಜಕ್ಕೆ ಗಿಡ್ಡ ಕಾಲಿನ ಹೇಂಟೆಯನ್ನೇ ಹುಡುಕಿ ಜೋಡಿ ಮಾಡುತ್ತಾರೆ. ಆಮೇಲೆ ಒಂದು ಕಾಟ ಶುರುವಾಗುತ್ತದೆ. ಎಷ್ಟು ಜೋಪಾನ ಮಾಡಿದರೂ ಸರಾಸರಿ ನಾಲ್ಕು ತತ್ತಿಯಲ್ಲಿ ಒಂದು ಮರಿಯಾಗುವುದಿಲ್ಲ. ಕೆಲವರು ಮರಿ ಮಾಡಿಸುವ ಮಷೀನು ಬದಲಿಸುತ್ತಾರೆ, ಕೆಲವರು ಹುಂಜವನ್ನೇ ಮಾರಿಬಿಡುತ್ತಾರೆ.

ತಪ್ಪು ಮಷೀನಿನದಲ್ಲ. ಕಾಲನ್ನು ಗಿಡ್ಡ ಮಾಡುವ ವಂಶವಾಹಿ ಒಂದೇ ಪ್ರತಿ ಬಂದರೆ ಕಾಲು ಗಿಡ್ಡವಾಗುತ್ತದೆ. ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಎರಡೂ ಪ್ರತಿ ಸೇರಿದರೆ ಭ್ರೂಣವೇ ಉಳಿಯುವುದಿಲ್ಲ. ಬಹುಪಾಲು ಮೂರನೇ ನಾಲ್ಕನೇ ದಿನಕ್ಕೇ ಸಾಯುತ್ತದೆ. ಏಳನೇ ದಿನ ಕತ್ತಲ ಕೋಣೆಯಲ್ಲಿ ಬ್ಯಾಟರಿ ಹಿಡಿದು ನೋಡಿದರೆ ಅಂಥ ತತ್ತಿಯಲ್ಲಿ ರಕ್ತನಾಳಗಳ ಜಾಲ ಇರುವುದಿಲ್ಲ. ತೆಳ್ಳನೆಯ ಒಂದು ರಕ್ತದ ಉಂಗುರ ಕಂಡೀತು, ಇಲ್ಲವೇ ಒಂದು ಕಪ್ಪು ಚುಕ್ಕೆ. ಇದನ್ನು ಗೊಡ್ಡು ತತ್ತಿ ಎಂದು ತಿಳಿದು ಹುಂಜವನ್ನು ಬೈಯುವುದು ಸಾಮಾನ್ಯ. ಉಂಗುರ ಕಂಡಿತೆಂದರೆ ಹುಂಜ ತನ್ನ ಕೆಲಸ ಮಾಡಿದೆ ಎಂದೇ ಅರ್ಥ.

ಹೊರಬಂದ ಮರಿಗಳಲ್ಲಿ ಮೂರಕ್ಕೆ ಎರಡು ಗಿಡ್ಡ ಕಾಲಿನವು, ಒಂದು ಉದ್ದ ಕಾಲಿನದು. ಆ ಉದ್ದ ಕಾಲಿನ ಮರಿಯನ್ನು ಯಾರೂ ಕೇಳುವುದಿಲ್ಲ, ಅಗ್ಗಕ್ಕೆ ಹೋಗುತ್ತದೆ. ತಳಿ ಮಾಡುವವರು ಮೊದಲು ಹಿಡಿದಿಟ್ಟುಕೊಳ್ಳಬೇಕಾದ ಹಕ್ಕಿ ಅದೇ. ಉದ್ದ ಕಾಲಿನದನ್ನು ಗಿಡ್ಡ ಕಾಲಿನದಕ್ಕೆ ಜೋಡಿ ಮಾಡಿದರೆ ಅರ್ಧ ಮರಿ ಗಿಡ್ಡ, ಅರ್ಧ ಉದ್ದ. ಕಾಲಿನ ಕಾರಣಕ್ಕೆ ಚಿಪ್ಪಿನೊಳಗೆ ಒಂದೂ ಸಾಯುವುದಿಲ್ಲ. ನೂರು ತತ್ತಿಯ ಲೆಕ್ಕ ಹಾಕಿದರೆ ಎರಡೂ ದಾರಿಯಲ್ಲಿ ಸಿಗುವ ಗಿಡ್ಡ ಕಾಲಿನ ಮರಿ ಐವತ್ತೇ. ಮೊದಲನೆಯ ದಾರಿಯಲ್ಲಿ ಇಪ್ಪತ್ತೈದು ಜೀವ ವ್ಯರ್ಥವಾಗಿ ಹೋಗುತ್ತದೆ, ಅಷ್ಟೇ ವ್ಯತ್ಯಾಸ.

ರಾಣೆಬೆನ್ನೂರು ಸೀಮೆಯವರಿಗೆ ಈ ಮಾತು ಬೇಗ ಹಿಡಿಸಬೇಕು. ಸಂಜೆ ಮೊಗ್ಗು ಬಿಡಿಸಿ ಕೇಸರ ಕಿತ್ತು, ಮಾರನೆಯ ಬೆಳಿಗ್ಗೆ ಇನ್ನೊಂದು ಗಿಡದ ಪರಾಗ ಮುಟ್ಟಿಸಿ ಹೈಬ್ರಿಡ್ ಬೀಜ ಮಾಡುವ ಕೈಗಳು ಇಲ್ಲಿನ ಊರೂರಲ್ಲಿವೆ. ಗಂಡು ಯಾವುದು, ಹೆಣ್ಣು ಯಾವುದು ಎಂಬುದರ ಮೇಲೆ ಬೆಳೆ ನಿಂತಿದೆ ಎಂದು ಅವರಿಗೆ ಹೇಳಿಕೊಡಬೇಕಿಲ್ಲ. ಕೋಳಿಯಲ್ಲೂ ಹಾಗೆಯೇ, ಒಂದು ವ್ಯತ್ಯಾಸದೊಂದಿಗೆ. ಹೇಂಟೆಯ ತತ್ತಿನಾಳದಲ್ಲಿ ಸಣ್ಣ ಸಣ್ಣ ಕೊಳವೆಗಳಿವೆ. ಒಮ್ಮೆ ಕೂಡಿದ ಹುಂಜದ ವೀರ್ಯ ಅವುಗಳಲ್ಲಿ ಎರಡು, ಕೆಲವೊಮ್ಮೆ ಮೂರು ವಾರದವರೆಗೂ ಜೀವಂತ ಇರುತ್ತದೆ. ಹುಂಜ ಬದಲಿಸಿದ ಮರುದಿನವೇ ತತ್ತಿ ಕೂಡಿಡಲು ಶುರು ಮಾಡಿದರೆ ಹಳೆಯ ಹುಂಜನ ಮರಿ ಹುಟ್ಟುತ್ತದೆ. ಹೊಸ ಹುಂಜ ಬಿಟ್ಟ ಮೂರು ವಾರದ ಮೇಲಿನ ತತ್ತಿಗಳನ್ನಷ್ಟೇ ನಂಬಬೇಕು.

ಬೆಂಟಮ್‌ಗಳ ಚಂದಕ್ಕೆಲ್ಲ ಹೀಗೆ ಒಂದೊಂದು ಕರಾರು ಇದೆ. ಗುಂಗುರು ಗರಿಯ ಫ್ರಿಜಲ್ ಕೋಳಿಯನ್ನು ಗುಂಗುರು ಗರಿಯದಕ್ಕೇ ಕೂಡಿಸಿದರೆ ಕಾಲು ಭಾಗ ಮರಿಗಳ ಗರಿ ಪುಡಿಯಾಗುವಷ್ಟು ಪೆಡಸಾಗಿ, ಮೈ ಬೋಳಾಗುತ್ತದೆ. ಅದಕ್ಕೂ ಮದ್ದು ಅದೇ: ಒಂದು ಕಡೆ ಸಾದಾ ಗರಿ ಇರಲಿ. ಸಿಲ್ಕಿಯ ಗರಿಗಳಲ್ಲಿ ಎಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಕೊಕ್ಕೆಗಳಿಲ್ಲ. ಅದಕ್ಕೇ ಅದು ಮೊಲದ ತುಪ್ಪಳದ ಹಾಗೆ ಕಾಣುತ್ತದೆ, ಅದಕ್ಕೇ ಮಳೆ ನೀರು ನೇರ ಚರ್ಮಕ್ಕೆ ಇಳಿಯುತ್ತದೆ. ಪಾದದ ತುಂಬ ಗರಿ ಇರುವ ಕೊಚ್ಚಿನ್ ಬೆಂಟಮ್ ಎರೆ ಮಣ್ಣಿನ ಹಿತ್ತಲಲ್ಲಿ ಮಳೆಗಾಲ ಕಳೆಯುವುದು ಕಷ್ಟ. ಕೆಸರು ಉಂಡೆಗಟ್ಟಿ ಬೆರಳ ಸಂದಿ ಕೊಳೆಯುತ್ತದೆ. ಐರಣಿಯಂಥ ಹೊಳೆದಂಡೆಯ ಊರಲ್ಲಿ ಮೊದಲ ಬಾರಿಗೆ ಸಾಕುವವರಿಗೆ ನಾನು ಹೇಳುವುದು ಬೋಳು ಪಾದದ, ಗಟ್ಟಿ ಗರಿಯ ತಳಿ.

ಬೋಳು ಪಾದದ್ದೇ ಆದರೂ ಹೊಸಬರಿಗೆ ಒಗ್ಗದ ತಳಿ ಸೆಬ್ರೈಟ್. ಇಂಗ್ಲೆಂಡಿನ ಸರ್ ಜಾನ್ ಸೆಬ್ರೈಟ್ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ರೂಪಿಸಿದ ತಳಿ ಇದು. ಪ್ರತಿ ಗರಿಗೂ ಕಪ್ಪು ಅಂಚು ಕಟ್ಟಿರುತ್ತದೆ. ವಿಚಿತ್ರವೆಂದರೆ ಇದರ ಹುಂಜಕ್ಕೆ ಹುಂಜದ ಗರಿ ಇಲ್ಲ. ಬಾಗಿದ ಬಾಲದ ಗರಿಯಿಲ್ಲ, ಕತ್ತಿನ ಮೇಲೆ ಚೂಪು ಗರಿಯಿಲ್ಲ, ಹೇಂಟೆಯಂತೆಯೇ ಕಾಣುತ್ತದೆ. ಯಾವುದೋ ಕಾಲದಲ್ಲಿ ಕೋಳಿಯ ವಂಶವಾಹಿಯೊಳಗೆ ಸೇರಿಕೊಂಡ ಒಂದು ವೈರಾಣುವಿನ ತುಣುಕು ಇದಕ್ಕೆ ಕಾರಣ. ಅದು ಕೂತಿರುವ ಜಾಗದಿಂದಾಗಿ ಅರೊಮಟೇಸ್ ಎಂಬ ಕಿಣ್ವ ಚರ್ಮದಲ್ಲೂ ತಯಾರಾಗುತ್ತದೆ, ಗಂಡು ಹಾರ್ಮೋನನ್ನು ಅಲ್ಲಿಯೇ ಹೆಣ್ಣು ಹಾರ್ಮೋನಾಗಿ ಮಾರ್ಪಡಿಸುತ್ತದೆ. ಚಂದದ ಹಕ್ಕಿ. ಆದರೆ ಫಲವತ್ತತೆ ಕಡಿಮೆ, ಮರಿ ಸೂಕ್ಷ್ಮ. ಕೈ ಪಳಗಿದ ಮೇಲೆ ತರುವುದು ಒಳ್ಳೆಯದು.

ಹಕ್ಕಿ ಆರಿಸುವಾಗ ಕಣ್ಣು, ಎದೆಯ ಎಲುಬು, ಬೆರಳು ನೋಡುವುದು ಎಲ್ಲರಿಗೂ ಗೊತ್ತು. ಕಾಲಿನ ಹಳದಿ ಬಣ್ಣದ ಬಗ್ಗೆ ಮಾತ್ರ ತಪ್ಪು ತಿಳಿವಳಿಕೆ ಬಹಳ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿಯಾದರೂ ಹಳದಿ ಚರ್ಮದ ವಂಶವಾಹಿ ಅದರಿಂದ ಬಂದದ್ದಲ್ಲ, ಬೂದು ಕಾಡುಕೋಳಿಯಿಂದ ಬಂದದ್ದು ಎಂದು ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿಗಳ ತಂಡ 2008ರಲ್ಲಿ ತೋರಿಸಿತು. ಬೂದು ಕಾಡುಕೋಳಿ ಎಂದರೆ ನಮ್ಮ ಹಾನಗಲ್ಲಿನಿಂದ ಪಡುವಣಕ್ಕೆ ಹೋದಂತೆ ಸಿಗುವ ಮಲೆನಾಡಿನ ಕಾಡಿನಲ್ಲಿ ಬೆಳಗಾಗುತ್ತಲೇ ಕೂಗುವ ಹಕ್ಕಿ. ಜಗತ್ತಿನ ಮೂಲೆಮೂಲೆಯ ಹಳದಿ ಕಾಲಿನ ಕೋಳಿಗಳಲ್ಲಿ ನಮ್ಮ ಪಶ್ಚಿಮಘಟ್ಟದ ಈ ಹಕ್ಕಿಯ ಪಾಲಿದೆ ಎಂಬುದು ನನಗೆ ಇವತ್ತಿಗೂ ಹೆಮ್ಮೆಯ ಸಂಗತಿ.

ಆ ವಂಶವಾಹಿ ಬಣ್ಣವನ್ನು ತಾನೇ ತಯಾರಿಸುವುದಿಲ್ಲ. ಮೇವಿನಲ್ಲಿ ಬಂದ ಹಳದಿ ವರ್ಣದ್ರವ್ಯವನ್ನು ಚರ್ಮದಲ್ಲಿ ಒಡೆದುಹಾಕುವ ಕೆಲಸ ಅಲ್ಲಿ ನಿಂತಿರುತ್ತದೆ, ಅಷ್ಟೇ. ಬಣ್ಣ ಬರುವುದು ಹಾವೇರಿ ಜಿಲ್ಲೆಯ ಹೊಲಹೊಲದಲ್ಲಿ ಬೆಳೆಯುವ ಗೋವಿನಜೋಳದಿಂದ, ಸೊಪ್ಪಿನಿಂದ. ಹೇಂಟೆ ತತ್ತಿ ಇಡತೊಡಗಿದರೆ ಆ ಬಣ್ಣ ತತ್ತಿಯ ಹಳದಿ ಭಂಡಾರಕ್ಕೆ ಹೋಗುತ್ತದೆ, ಕಾಲು ವಾರದಿಂದ ವಾರಕ್ಕೆ ಬಿಳಿಚುತ್ತದೆ. ಕಾಲು ಬಿಳಿಚಿದ ಹೇಂಟೆಯನ್ನು ರೋಗದ್ದೆಂದು ಬಿಟ್ಟು ಅಚ್ಚ ಹಳದಿ ಕಾಲಿನದನ್ನು ಕೊಂಡರೆ ಚೆನ್ನಾಗಿ ತತ್ತಿ ಇಡುವುದನ್ನು ಬಿಟ್ಟು ಇಡದಿರುವುದನ್ನು ತಂದಂತಾಗಬಹುದು.

ಇನ್ನು ಮರಿ ಮಾಡಿಸುವುದು. ಬೆಂಟಮ್ ತತ್ತಿ ಮೂವತ್ತು ಗ್ರಾಂ ಆಸುಪಾಸು, ಅಂಗಡಿಯ ಫಾರಂ ತತ್ತಿ ಐವತ್ತೈದು. ವಸ್ತು ಸಣ್ಣದಾದಷ್ಟೂ ತೂಕದ ಲೆಕ್ಕದಲ್ಲಿ ಅದರ ಹೊರಮೈ ಹೆಚ್ಚು. ಬೆಂಟಮ್ ತತ್ತಿಗೆ ಗ್ರಾಮಿಗೆ ಸುಮಾರು ಐದನೇ ಒಂದು ಪಾಲು ಹೆಚ್ಚು ಮೈ ಇದೆ. ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳು. ಆಮ್ಲಜನಕ ಒಳಗೆ ಬರುವುದೂ ಅಲ್ಲಿಂದಲೇ, ನೀರಿನ ಆವಿ ಹೊರಗೆ ಹೋಗುವುದೂ ಅಲ್ಲಿಂದಲೇ. ಹದಿನೆಂಟನೇ ದಿನದ ಹೊತ್ತಿಗೆ ತತ್ತಿ ತನ್ನ ತೂಕದ ನೂರಕ್ಕೆ ಹನ್ನೆರಡರಷ್ಟು ನೀರು ಕಳೆದುಕೊಂಡಿರಬೇಕು. ಮೂವತ್ತು ಗ್ರಾಮಿನ ತತ್ತಿಗೆ ಮೂರೂವರೆ ಗ್ರಾಮಿನಷ್ಟು. ಹೆಚ್ಚು ಹೋದರೆ ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. ಕಡಿಮೆ ಹೋದರೆ ತತ್ತಿಯ ಅಗಲ ತುದಿಯ ಗಾಳಿಚೀಲ ದೊಡ್ಡದಾಗದೆ ಮರಿಗೆ ಮೊದಲ ಉಸಿರು ಸಾಲುವುದಿಲ್ಲ. ಅಕ್ಕಸಾಲಿಗರು ಬಳಸುವಂಥ ಚಿಕ್ಕ ಡಿಜಿಟಲ್ ತಕ್ಕಡಿಯಲ್ಲಿ ನಾಲ್ಕಾರು ತತ್ತಿಗಳನ್ನು ವಾರಕ್ಕೊಮ್ಮೆ ತೂಗಿ ಬರೆದಿಟ್ಟರೆ ಕಾವಿನ ಪೆಟ್ಟಿಗೆಯೊಳಗಿನ ನೀರಿನ ಬಟ್ಟಲು ಹೆಚ್ಚಿಸಬೇಕೋ ತೆಗೆಯಬೇಕೋ ತಿಳಿಯುತ್ತದೆ. ಮಾರ್ಚ್ ತಿಂಗಳ ಒಣ ಗಾಳಿಗೂ ಜುಲೈ ತಿಂಗಳ ಜಿಟಿಜಿಟಿ ಮಳೆಗೂ ಒಂದೇ ಬಟ್ಟಲು ಸರಿಹೋಗುವುದಿಲ್ಲ.

ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಶಾಖ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಕರೆಂಟ್ ಹೋದರೆ ಗಾಬರಿಪಡುವವರೇ ಹೆಚ್ಚು. ಒಂದೆರಡು ತಾಸಿನ ತಂಪನ್ನು ಭ್ರೂಣ ತಡೆದುಕೊಳ್ಳುತ್ತದೆ, ಕಾವಿನ ಹೇಂಟೆಯೂ ದಿನಕ್ಕೊಮ್ಮೆ ಎದ್ದು ಮೇವು ನೀರಿಗೆ ಹೋಗುತ್ತದಲ್ಲ. ಕೊಲ್ಲುವುದು ಹೆಚ್ಚಿನ ಶಾಖ. ಏಪ್ರಿಲ್ ಮಧ್ಯಾಹ್ನ ತಗಡಿನ ಮನೆಯೊಳಗೆ ಹೊರಗಿನ ಗಾಳಿಯೇ ಪೆಟ್ಟಿಗೆಗಿಂತ ಬಿಸಿಯಾದರೆ ಯಾವ ಥರ್ಮೋಸ್ಟಾಟೂ ಅದನ್ನು ತಣಿಸಲಾರದು. ಕಾವಿಗೆ ಇಡುವ ಮುಂಚೆಯೂ ಅದೇ ತೊಂದರೆ. ಇಪ್ಪತ್ತೈದು ಡಿಗ್ರಿ ದಾಟಿದ ಕೋಣೆಯಲ್ಲಿ ಭ್ರೂಣ ಅರೆಬರೆ ಬೆಳೆಯತೊಡಗಿ ಸೊರಗುತ್ತದೆ. ಒದ್ದೆ ಉಸುಕಿನಲ್ಲಿ ಹೂತ ಮಣ್ಣಿನ ಗಡಿಗೆಯಲ್ಲಿ ತತ್ತಿ ಇಟ್ಟು, ವಾರದೊಳಗೆ ಕಾವಿಗೆ ಹಾಕಬೇಕು. ನನ್ನನ್ನು ಕೇಳಿದರೆ ದಸರೆ ಕಳೆದ ಮೇಲಿಂದ ಶಿವರಾತ್ರಿಯವರೆಗೆ ಮರಿ ಮಾಡಿಸಿ, ಬೇಸಿಗೆಯಲ್ಲಿ ಪೆಟ್ಟಿಗೆಗೆ ರಜೆ ಕೊಡಬೇಕು.

ಎಂಟು ಹತ್ತು ತತ್ತಿಗೆ ಪೆಟ್ಟಿಗೆಯೇ ಬೇಡ. ಕಾವಿಗೆ ಬಂದ ಒಂದು ಜವಾರಿ ಹೇಂಟೆ ಸಾಕು. ಅದರ ಮಿದುಳಿನ ಬುಡದ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಹಾರ್ಮೋನು ಏರಿದಾಗ ತತ್ತಿ ಇಡುವುದು ನಿಲ್ಲುತ್ತದೆ, ಹೊಟ್ಟೆಯ ಪುಕ್ಕ ಉದುರಿ ಬಿಸಿ ಚರ್ಮ ನೇರ ತತ್ತಿಗೆ ತಾಗುತ್ತದೆ. ತಿರುವಿ ಹಾಕುವುದು, ಅಂಚಿನದನ್ನು ನಡುವಿಗೆ ಎಳೆಯುವುದು ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಫಾರಂ ತಳಿಗಳಲ್ಲಿ ಈ ಗುಣವನ್ನು ಆರಿಸಿ ಆರಿಸಿ ಕಳೆದುಬಿಟ್ಟಿದ್ದಾರೆ. ಜವಾರಿಯಲ್ಲಿ ಅದು ಗಟ್ಟಿಯಾಗಿ ಉಳಿದಿದೆ, ಸಿಲ್ಕಿಯಲ್ಲೂ ಇದೆ.

ಕೋಳಿಯ ಲೆಕ್ಕ ಇಪ್ಪತ್ತೊಂದು ದಿನವಾದರೂ ಬೆಂಟಮ್ ಒಂದೆರಡು ದಿನ ಮೊದಲೇ ಬಿರಿಯುವುದುಂಟು. ಆದ್ದರಿಂದ ಹದಿನೇಳನೇ ದಿನಕ್ಕೇ ತಿರುವುವುದನ್ನು ನಿಲ್ಲಿಸಿ ತೇವ ಹೆಚ್ಚಿಸಬೇಕು. ಮರಿ ಮೊದಲು ಗಾಳಿಚೀಲದ ಪೊರೆ ಚುಚ್ಚಿ ಉಸಿರಾಡುತ್ತದೆ. ತತ್ತಿಯನ್ನು ಕಿವಿಗೆ ಹಿಡಿದರೆ ಆಗಲೇ ಚಿಂವ್‌ಗುಟ್ಟುವುದು ಕೇಳುತ್ತದೆ. ಆಮೇಲೆ ಕೊಕ್ಕಿನ ತುದಿಯ ಪುಟ್ಟ ಗಂಟಿನಿಂದ ಚಿಪ್ಪು ಒಡೆಯುತ್ತದೆ, ಒಡೆದು ಗಂಟೆಗಟ್ಟಲೆ ಸುಮ್ಮನಿರುತ್ತದೆ. ನೋಡುವವರಿಗೆ ಕರುಣೆ ಬಂದು ಚಿಪ್ಪು ಸುಲಿಯುವ ಆಸೆಯಾಗುತ್ತದೆ. ಸುಲಿಯಬಾರದು. ಚಿಪ್ಪಿನ ಒಳಪೊರೆಯ ರಕ್ತನಾಳಗಳಲ್ಲಿ ಇನ್ನೂ ರಕ್ತ ಇರುತ್ತದೆ. ಆ ರಕ್ತ ಒಳಸೇರುವುದಕ್ಕೂ ಉಳಿದ ಭಂಡಾರ ಹೊಟ್ಟೆಯೊಳಕ್ಕೆ ಎಳೆದುಕೊಳ್ಳುವುದಕ್ಕೂ ಆ ಹೊತ್ತು ಬೇಕು. ಅದೇ ಭಂಡಾರದ ಬಲದಿಂದ ಹುಟ್ಟಿದ ಮರಿ ಎರಡು ದಿನ ಮೇವಿಲ್ಲದೆಯೂ ಇರಬಲ್ಲದು. ಮೇವು ಹಾಕುವಾಗ ಬೂಸ್ಟು ಹಿಡಿದ ಗೋವಿನಜೋಳದ ನುಚ್ಚು ಬೇಡವೇ ಬೇಡ. ಅದರ ಅಫ್ಲಾಟಾಕ್ಸಿನ್ ವಿಷ ಮರಿಯ ಯಕೃತ್ತನ್ನು ಹಾಳು ಮಾಡುತ್ತದೆ.

ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗದ ಲಸಿಕೆಯ ಒಂದು ಹನಿ ಕಣ್ಣಿಗೆ ಬೀಳಬೇಕು. ಲಸಿಕೆಯ ಶೀಶೆ ನೂರಾರು ಹಕ್ಕಿಗೆ ಆಗುವಷ್ಟು ಬರುತ್ತದೆ, ಬೆರೆಸಿದ ಮೇಲೆ ಒಂದೆರಡು ತಾಸಿನಲ್ಲಿ ಕೆಡುತ್ತದೆ. ಹತ್ತು ಬೆಂಟಮ್ ಮರಿಗೋಸ್ಕರ ಅದನ್ನು ಒಡೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ಮರಿಗಳು ಲಸಿಕೆಯಿಲ್ಲದೆ ಬೆಳೆಯುತ್ತವೆ. ಓಣಿಯವರೆಲ್ಲ ದಿನ ಗೊತ್ತು ಮಾಡಿಕೊಂಡು, ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಶೀಶೆಯನ್ನು ಐಸಿನಲ್ಲಿಟ್ಟು ತಂದು ಮನೆಮನೆಯ ಜವಾರಿ ಮರಿಗಳಿಗೂ ಅವತ್ತೇ ಹಾಕಿಸುವುದು ಉತ್ತಮ. ಪಕ್ಕದ ಹಿತ್ತಲಿನ ಜವಾರಿಗೆ ರೋಗ ಬಂದರೆ ಬೆಲೆಬಾಳುವ ಬೆಂಟಮ್ಮಿನ ಗೂಡಿಗೂ ಬರುತ್ತದೆ.